ಬಲಗಡೆಯ ಸೀಟು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಅಷ್ಟೇ ಸಲ ಮುಂದಕ್ಕೆ ಹಾಕಿದೆ. ಮೊದಲು ನೌಕರಿ ಇದೆ ಎಂದೆ. ನಿವೃತ್ತಿಯಾದ ಮೇಲೆ ಮಂಡಿನೋವು ಎಂದೆ. ಆಮೇಲೆ ಇದೆಲ್ಲ ಯಾರಿಗೆ ಬೇಕು ಎಂದೆ. ಇವು ಯಾವುವೂ ನಿಜವಾದ ಕಾರಣಗಳಲ್ಲ. ಹೇಳಿದರೆ ನನ್ನ ಕೈಗಿದ್ದ ಹೆಸರು ಹೋಗುತ್ತದೆ, ಅದೊಂದೇ ಕಾರಣ. ಹೋಗಲಿ. ಈ ವಯಸ್ಸಿನಲ್ಲಿ ಹೆಸರು ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೇ?

ನನ್ನ ಒಂದು ಮಾತಿನಿಂದ ಒಬ್ಬ ಪೈಲಟ್ ಹೆಲಿಕಾಪ್ಟರ್ ಹಾರಿಸುವುದನ್ನೇ ಕಳೆದುಕೊಂಡರು. ಆ ಮಾತನ್ನು ನಾನು ಎರಡು ಸಲ ಆಡಿದೆ. ಮೊದಲ ಸಲ ಆಡಿದಾಗ ಅದು ತಪ್ಪು. ಎರಡನೆಯ ಸಲ ಆಡಿದಾಗ ಅದು ಸುಳ್ಳು. ಬರೆಯಬೇಡಿ ಎಂದು ನನ್ನ ಹೆಂಡತಿ ಹೇಳಿದಳು. ಹೇಳಬೇಡಿ ಎಂದು ಆ ಪೈಲಟ್ಟೂ ಕೇಳಿಕೊಂಡಿದ್ದಾರೆ, ಅವರ ಮಾತು ಮೀರಲು ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ಮೀರುತ್ತೇನೆ. ಯಾಕೆಂದು ಓದಿ ನೋಡಿ, ಆಮೇಲೆ ಬೈಯಿರಿ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹೆಲಿಕಾಪ್ಟರಿನ ಕೆಲಸ ಕಲಿತದ್ದು ಸೇನೆಯ ವರ್ಕ್‌ಶಾಪಿನಲ್ಲಿ, ಬೈಗುಳ ತಿಂದು. ಪಿಂಚಣಿ ಹಿಡಿದು ಬೆಂಗಳೂರಿಗೆ ಬಂದು ಆರ್.ಟಿ. ನಗರದಲ್ಲಿ ಮನೆ ಮಾಡಿದೆ. ಅದೇ ಹೊತ್ತಿಗೆ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು, ಹೆಬ್ಬಾಳದಿಂದ ಆಚೆಯ ರಸ್ತೆಗೆ ಜೀವ ಬಂತು. ಬಾಗಲೂರಿನ ಕಡೆ ಒಂದು ಖಾಸಗಿ ಹೆಲಿಕಾಪ್ಟರ್ ಕಂಪನಿ ಹ್ಯಾಂಗರ್ ಕಟ್ಟಿತು. ದೊಡ್ಡ ಮನುಷ್ಯರನ್ನು, ಕೆಲವೊಮ್ಮೆ ರೋಗಿಗಳನ್ನು ಸಾಗಿಸುವ ಕಂಪನಿ. ಅಲ್ಲಿ ಮೆಕ್ಯಾನಿಕ್ ಆಗಿ ಸೇರಿದೆ. ಕಾಗದಕ್ಕೆ ಸಹಿ ಹಾಕುವ ಯೋಗ್ಯತೆ ಇಂಜಿನಿಯರದ್ದು. ಆದರೆ ನಡುಕದ ವಿಷಯ ಬಂದರೆ ಸಹಿ ಹಾಕುವವರೂ ಮೊದಲು ನನ್ನ ಮುಖ ನೋಡುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಜಂಬ ಇತ್ತು. ಜಂಬಪಡುವ ಕೆಲಸವನ್ನೇ ಮಾಡುತ್ತಿದ್ದೆ.

ಆ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೆಲಿಕಾಪ್ಟರಿನ ನೆತ್ತಿಯ ಮೇಲೆ ಬ್ಲೇಡುಗಳು ತಿರುಗುತ್ತವೆ. ನಮ್ಮದರಲ್ಲಿ ನಾಲ್ಕು. ಹೆಲಿಕಾಪ್ಟರ್ ಮುಂದಕ್ಕೆ ಹೋಗುವಾಗ ಎದುರಿಗೆ ನುಗ್ಗುವ ಬ್ಲೇಡಿಗೆ ಗಾಳಿ ಜೋರಾಗಿ ಬಡಿಯುತ್ತದೆ. ಸುತ್ತು ಹಾಕಿ ಬಾಲದ ಕಡೆಗೆ ಸರಿಯುವ ಬ್ಲೇಡಿಗೆ ಅದೇ ಗಾಳಿ ಮೆತ್ತಗೆ ತಾಗುತ್ತದೆ. ಹೀಗೆ ಪ್ರತಿ ಬ್ಲೇಡೂ ಪ್ರತಿ ಸುತ್ತಿನಲ್ಲಿ ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲವಾಗುತ್ತದೆ. ಆ ಗುದ್ದು ಗೇರ್‌ಬಾಕ್ಸಿಗೆ ಇಳಿಯುತ್ತದೆ, ಗೇರ್‌ಬಾಕ್ಸಿನಿಂದ ಕ್ಯಾಬಿನ್ನಿಗೆ, ಕ್ಯಾಬಿನ್ನಿನಿಂದ ಅಲ್ಲಿ ಕೂತವರ ಬೆನ್ನಿಗೆ.

ನಡುಕದಲ್ಲಿ ಎರಡು ಜಾತಿ. ಒಂದು ಬ್ಲೇಡು ಉಳಿದವಕ್ಕಿಂತ ತುಸು ಭಾರವಾದರೆ, ಇಲ್ಲವೇ ತುಸು ಎತ್ತರದಲ್ಲಿ ಸುತ್ತಿದರೆ, ಸುತ್ತಿಗೊಂದು ಎತ್ತಿಹಾಕುವಿಕೆ. ವಾಷಿಂಗ್ ಮೆಷೀನಿನೊಳಗೆ ಬೆಡ್‌ಶೀಟು ಒಂದು ಕಡೆ ಮುದ್ದೆಯಾದಾಗ ಮೆಷೀನೇ ಬಚ್ಚಲಲ್ಲಿ ನಡೆಯತೊಡಗುತ್ತದಲ್ಲ, ಅದು. ಅದಕ್ಕೆ ಮದ್ದಿದೆ. ತೂಕ ಸರಿಮಾಡಬೇಕು, ಬ್ಲೇಡಿನ ಓರೆ ಸರಿಮಾಡಬೇಕು, ಅಷ್ಟೇ. ಎರಡನೆಯ ಜಾತಿ ಹಠಮಾರಿ. ನಾಲ್ಕೂ ಬ್ಲೇಡುಗಳು ಅಚ್ಚಿನಲ್ಲಿ ಹೊಯ್ದಂತೆ ಸಮನಾಗಿದ್ದರೂ ಸುತ್ತಿಗೆ ನಾಲ್ಕು ಗುದ್ದು ತಪ್ಪುವುದಿಲ್ಲ. ಅದನ್ನು ಕೊಲ್ಲಲಾಗದು. ಬೇರೆ ದಾರಿ ತೋರಿಸಿ ಕಳಿಸಬಹುದು, ಅಷ್ಟೇ. ಗೇರ್‌ಬಾಕ್ಸನ್ನು ರಬ್ಬರಿನ ಮೇಲೋ ಸ್ಪ್ರಿಂಗಿನ ಮೇಲೋ ಕೂರಿಸುತ್ತಾರೆ. ಕೆಲವು ಹೆಲಿಕಾಪ್ಟರುಗಳಲ್ಲಿ ಬ್ಲೇಡುಗಳು ಕೂಡುವ ಜಾಗದಲ್ಲೇ ತೂಗಾಡುವ ಗುಂಡುಗಳಿರುತ್ತವೆ. ನಮ್ಮದರಲ್ಲಿ ಕ್ಯಾಬಿನ್ನಿನ ನೆಲದಡಿ ಸ್ಪ್ರಿಂಗಿಗೆ ಕಟ್ಟಿದ ಒಂದು ಭಾರವಿತ್ತು. ನೆಲ ಅದುರಲು ಹೊರಟರೆ ಆ ಭಾರ ಅದಕ್ಕೆ ಎದುರಾಗಿ ಕುಣಿದು ನೆಲವನ್ನು ಸುಮ್ಮನಾಗಿಸುತ್ತಿತ್ತು. ಅದನ್ನು ನಾವು ಜೋಕಾಲಿ ಎಂದು ಕರೆಯುತ್ತಿದ್ದೆವು. ತೆಳ್ಳಗಿನ ತಗಡಿನ ಬಿಲ್ಲೆಗಳನ್ನು ಹಾಕಿ, ತೆಗೆದು, ತಂಬೂರಿಗೆ ಶ್ರುತಿ ಕೂಡಿಸುವ ಹಾಗೆ ಅದನ್ನು ಕೂಡಿಸಬೇಕು.

ಇನ್ನೊಂದು ಮಾತು. ಹೆಲಿಕಾಪ್ಟರಿನ ಮೈ ಬಂಡೆಯಲ್ಲ, ಬಿದಿರಿನ ಗಳದಂತೆ ಬಾಗುತ್ತದೆ. ನಡುಕ ಬಂದಾಗ ಒಂದು ಕಡೆ ಜೋರಾಗಿ ಅದುರುತ್ತದೆ, ಇನ್ನೊಂದು ಕಡೆ ಗಪ್ಪನೆ ಇರುತ್ತದೆ. ಒಳಗಿನ ಭಾರ ಬದಲಾದರೆ ಆ ಗಪ್ಪನೆಯ ಜಾಗವೂ ಸರಿದುಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ.

ತಯಾರಕರ ಪುಸ್ತಕದ ಪ್ರಕಾರ ನಡುಕ ಅಳೆಯುವ ಮೀಟರಿನ ಗುಂಡಿಯನ್ನು, ಎಂದರೆ ನಡುಕ ಹಿಡಿಯುವ ಸೆನ್ಸರನ್ನು, ಎಡಗಡೆಯ ಸೀಟಿನ ಹಿಂದಿನ ಗೋಡೆಗೆ ಸಿಕ್ಕಿಸಬೇಕು. ಪೈಲಟ್ ಕೂರುವುದು ಬಲಗಡೆ. ನಾನು ಎಡಗಡೆ ಕೂತು, ಮೀಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾರುತ್ತಿದ್ದೆ. ಇದರ ಜೊತೆಗೆ ನನ್ನದೇ ಒಂದು ಪದ್ಧತಿಯಿತ್ತು. ಅರ್ಧ ನೀರಿರುವ ಪ್ಲಾಸ್ಟಿಕ್ ಬಾಟಲಿಯನ್ನು ಎರಡು ಪಾದಗಳ ನಡುವೆ ಹಿಡಿದು ನೀರಿನ ಮೇಲ್ಮೈ ನೋಡುವುದು. ನೀರು ನಿಂತರೆ ಕೆಲಸ ಮುಗಿಯಿತು. ಆ ಬಾಟಲಿಗೆ ಹ್ಯಾಂಗರಿನಲ್ಲಿ ಎಂಥ ಮರ್ಯಾದೆ ಎಂದರೆ, ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಇಡುತ್ತಿದ್ದರು.

ಆ ಆಯುಧಪೂಜೆಯಲ್ಲೇ ನಾನು ಕ್ಯಾಪ್ಟನ್ ಅವರ ಹೆಂಡತಿಯನ್ನು ಮೊದಲು ನೋಡಿದ್ದು. ಕ್ಯಾಪ್ಟನ್ ಎಂದರೆ ಈ ಕಥೆಯ ಪೈಲಟ್. ನಲವತ್ತು ದಾಟಿದ, ನಕ್ಕರೆ ಹ್ಯಾಂಗರಿನ ತಗಡು ಮೊಳಗುವಂಥ ಮನುಷ್ಯ. ಅವರ ಹೆಂಡತಿ ಯಲಹಂಕ ಉಪನಗರದ ಒಂದು ಶಾಲೆಯಲ್ಲಿ ಗಣಿತದ ಟೀಚರ್. ದೊಡ್ಡ ಡಬ್ಬಿಯ ತುಂಬ ಪುಳಿಯೋಗರೆ ತಂದಿದ್ದರು. ಕ್ಯಾಪ್ಟನ್ ಹೆಂಡತಿಯನ್ನು ನನ್ನ ಮುಂದೆ ನಿಲ್ಲಿಸಿ ಹೇಳಿದರು.

"ನೋಡು, ಇವ್ರೇ ನಮ್ ಗುರುಗಳು. ನನ್ ಪ್ರಾಣ ಆ ದೇವ್ರ ಕೈಲಿಲ್ಲ, ಇವ್ರ ಸ್ಪ್ಯಾನರ್ ಕೈಲಿದೆ."

"ಹಂಗಾದ್ರೆ ಅಣ್ಣನಿಗೇ ಮೊದ್ಲು ಬಡಿಸ್ಬೇಕು," ಎಂದು ಆಕೆ ನನ್ನ ಎಲೆಗೆ ಎರಡು ಸೌಟು ಹಾಕಿದರು. ಅವತ್ತಿನಿಂದ ನಾನು ಅವರಿಗೆ ಅಣ್ಣ.

ಯಲಹಂಕದ ಕಡೆಗೆ ಎತ್ತರದ ರಸ್ತೆಗೆ ಕಂಬಗಳು ಏಳುತ್ತಿದ್ದ ಕಾಲ. ಮಾಲೀಕರಿಗೆ ಹೆಲಿಕಾಪ್ಟರಿನ ಒಳಗು ಸಾಲದಾಯಿತು. ಹಿಂದಿನ ಸೀಟುಗಳನ್ನು ಕಿತ್ತು ದಪ್ಪ ಚರ್ಮದ ಸೀಟು ಹಾಕಿಸಿದರು. ಮೂಲೆಗೊಂದು ಪುಟ್ಟ ಫ್ರಿಜ್ಜು ಬಂತು. ಭಾರ ಬದಲಾಯಿತು, ಮೀಟರು ಕೂಗತೊಡಗಿತು. ಜೋಕಾಲಿಗೆ ಬಿಲ್ಲೆ ಹಾಕುತ್ತ ತೆಗೆಯುತ್ತ ಅದರ ಮುಂದೆ ಕೂತೆ. ಕೊನೆಗೆ ಮೀಟರ್ ತಣ್ಣಗಾಯಿತು, ನೀರು ನಿಂತಿತು. ಎಲ್ಲರೂ ಬೆನ್ನು ತಟ್ಟಿದರು. ನನ್ನ ಬೆನ್ನನ್ನು.

ಅದಾದ ಕೆಲವೇ ದಿನಕ್ಕೆ ಕ್ಯಾಪ್ಟನ್ ಹಾರಿ ಬಂದವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಇಳಿದರು.

"ಏನ್ ಗುರುಗಳೇ, ಸೀಟಲ್ಲಿ ಕೂರಿಸ್ತಿದೀರೋ, ಜರಡೀಲಿ ಹಾಕಿ ಆಡಿಸ್ತಿದೀರೋ?"

"ಯಾಕ್ ಸಾರ್?"

"ಸ್ಪೀಡ್ ಏರಿಸ್ದೆ ಅಂದ್ರೆ ಮುಂದಿರೋ ಅಂಕಿ ಎಲ್ಲ ಜೋಡಿ ಜೋಡಿಯಾಗಿ ಕಾಣುತ್ತೆ ಕಣ್ರೀ. ಬೆನ್ನಲ್ಲಿ ಯಾರೋ ಗುಂಡುಕಲ್ಲು ಉರುಳಿಸ್ದಂಗೆ."

ಮರುದಿನ ನಾನೂ ಜೊತೆಗೆ ಹಾರಿದೆ. ಹೆಸರಘಟ್ಟದ ಕೆರೆಯ ಮೇಲೆ ಅವರು ವೇಗ ಏರಿಸಿದರು. ನನ್ನ ಪಾದಗಳ ನಡುವೆ ನೀರು ಕೆನೆ ಕಟ್ಟಿದ ಹಾಲಿನಂತೆ ಕೂತಿತ್ತು.

"ನೋಡಿ ಸಾರ್, ಒಂದ್ ಗೆರೆ ಇಲ್ಲ," ಎಂದೆ ಮೈಕಿನಲ್ಲಿ.

"ನಿಮ್ ಬಾಟ್ಲಿ ಅಲ್ಲಿ ಕೂತಿದೆ ಗುರುಗಳೇ. ನಾನು ಇಲ್ಲಿ ಕೂತಿದೀನಿ."

"ಮೀಟರೂ ಸರಿ ಅಂತಿದೆ."

"ಮೀಟರ್‌ಗೆ ಸೊಂಟ ಇದ್ಯಾ? ಕೈ ಚಾಚಿ ಈ ಸೀಟ್ ಮುಟ್ಟಿ ನೋಡ್ರಿ ಒಂದ್ಸಲ."

ಅವರ ಸೀಟಿನ ಚೌಕಟ್ಟು ನನ್ನ ಮೊಣಕೈಯಿಂದ ಗೇಣು ದೂರದಲ್ಲಿತ್ತು. ನಾನು ಮುಟ್ಟಲಿಲ್ಲ. ಮೀಟರ್ ಹಿಡಿದವನು ಕೈಯಿಟ್ಟು ನೋಡುವುದೆಂದರೆ ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇಲ್ಲವೆಂದು ಒಪ್ಪಿಕೊಂಡಂತೆ, ಅಂತ ನನ್ನ ಲೆಕ್ಕ. ಈಗ ಕೇಳಿದರೆ ನಗು ಬರುತ್ತದೆ. ಒಂದು ಗೇಣು. ಆ ಒಂದು ಗೇಣನ್ನು ದಾಟಿದ್ದರೆ ಈ ಬರಹವೇ ಬೇಕಿರಲಿಲ್ಲ.

ವಾರದೊಳಗೆ ಇನ್‌ಚಾರ್ಜ್ ಸಾಹೇಬರ ಕೋಣೆಯಲ್ಲಿ ಮಾತುಕತೆಯಾಯಿತು. ಕ್ಯಾಪ್ಟನ್ ಹೇಳುವುದನ್ನೆಲ್ಲ ಹೇಳಿದರು. ಸಾಹೇಬರು ನನ್ನ ಕಡೆ ತಿರುಗಿದರು.

"ಏನಪ್ಪಾ, ಮಷೀನ್ ಹೆಂಗಿದೆ?"

"ಮಷೀನಿಗೇನಾಗಿದೆ ಸಾರ್, ಮದುವೆ ಗಂಡಿದ್ದಂಗಿದೆ," ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. "ವಯಸ್ಸಾಗಿರೋದು ಮಷೀನಿಗಲ್ಲ."

ಎಲ್ಲರೂ ನಕ್ಕರು. ಕ್ಯಾಪ್ಟನ್ ಕೂಡ ನಕ್ಕರು, ಆದರೆ ತಗಡು ಮೊಳಗಲಿಲ್ಲ.

ಆ ತಮಾಷೆಗೆ ಕಾಲು ಬಂತು. ಕ್ಯಾಂಟೀನಿನಲ್ಲಿ ಅವರಿಗೆ ನಡುಗೋ ಕ್ಯಾಪ್ಟನ್ ಎಂದು ಹೆಸರಾಯಿತು. ಕಂಪನಿ ಅವರನ್ನು ವೈದ್ಯರ ಬಳಿಗೆ ಕಳಿಸಿತು. ವರ್ಷಾನುಗಟ್ಟಲೆ ಹೆಲಿಕಾಪ್ಟರಿನಲ್ಲಿ ಕೂತವರ ಬೆನ್ನೆಲುಬನ್ನು ಸ್ಕ್ಯಾನ್ ಮಾಡಿದರೆ ಏನಾದರೂ ಸವೆತ ಕಾಣದೆ ಇರುತ್ತದೆಯೇ? ಕಂಡಿತು. ಬೆನ್ನು ಸರಿಯಾಗುವವರೆಗೆ ಹಾರುವ ಹಾಗಿಲ್ಲ ಎಂದಾಯಿತು. ಅವರು ಆಫೀಸಿನ ಮೂಲೆಯಲ್ಲಿ ಕೂತು, ಬೇರೆಯವರು ಹಾರುವ ಹೊತ್ತನ್ನು ಫೋನಿನಲ್ಲಿ ಹೇಳುವ ಕೆಲಸಕ್ಕೆ ಬಿದ್ದರು. ನನ್ನ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಎದುರು ಸಿಕ್ಕರೆ, "ಸೀಟ್ ಮುಟ್ಟಿದ್ರಾ ಗುರುಗಳೇ?" ಎಂದು ಕೇಳುವರು. "ಮುಟ್ಟಿದೆ ಸಾರ್, ಮೆತ್ತಗಿದೆ," ಎಂದು ನಾನೂ ತಮಾಷೆ ಮಾಡುತ್ತಿದ್ದೆ.

ಇಲ್ಲಿಯವರೆಗಿನದು ತಪ್ಪು. ಇನ್ನು ಸುಳ್ಳಿನ ಕಥೆ.

ಒಂದು ಭಾನುವಾರ ಬೆಳಿಗ್ಗೆ ಕ್ಯಾಪ್ಟನ್ ಅವರ ಹೆಂಡತಿ ಆರ್.ಟಿ. ನಗರದ ನಮ್ಮ ಮನೆ ಹುಡುಕಿಕೊಂಡು ಬಂದರು, ಒಬ್ಬರೇ. ನಮ್ಮದು ಎರಡು ಕೋಣೆಯ ಮನೆ. ಹಾಲ್‌ನಲ್ಲಿ ಕೂತರೆ ಅಡುಗೆಕಟ್ಟೆ ಕಾಣುತ್ತದೆ. ನನ್ನ ಹೆಂಡತಿ ಇಡ್ಲಿಗೆ ಗ್ರೈಂಡರ್ ಹಾಕಿದ್ದಳು. ಕಡಪ ಕಲ್ಲಿನ ಕಟ್ಟೆಯ ಮೇಲೆ ಅದು ಗಡಗಡ ಎನ್ನುತ್ತಿತ್ತು. ಅದರ ಪಕ್ಕ ನೀರಿನ ಲೋಟವೊಂದು ತಟ್ಟೆಯ ಮೇಲೆ ಕೂತು ಝಲ್ಲೆಂದು ತಾಳ ಹಾಕುತ್ತಿತ್ತು.

ಆಕೆ ಕಾಫಿಯ ಲೋಟವನ್ನು ಮುಟ್ಟದೆ ಹೇಳಿದರು. "ಅಣ್ಣ, ಡಾಕ್ಟ್ರು ಆಪರೇಷನ್ ಮಾಡಿಸ್ಕೊಂಡ್ರೆ ಒಳ್ಳೇದು ಅಂತಾರೆ. ಸ್ಕ್ರೂ ಹಾಕ್ತಾರಂತೆ. ಇವ್ರು ಕೇಳೊಲ್ಲ. ನನ್ ಬೆನ್ನಿಗೇನೂ ಆಗಿಲ್ಲ, ಮಷೀನೇ ಅಲ್ಲಾಡುತ್ತೆ ಅಂತ ಒಂದೇ ಹಠ. ನಾನ್ ಯಾರ್ ಮಾತ್ ನಂಬ್ಲಿ?"

ಕಾಫಿ ಆರುತ್ತದೆ, ಕುಡಿಯಿರಿ ಎಂದೆ.

"ಮಷೀನ್ ಅಲ್ಲಾಡ್ತಿದ್ರೆ ಹೇಳ್ಬಿಡಿ ಅಣ್ಣ. ಆಪರೇಷನ್ ಮಾತೇ ಎತ್ತಲ್ಲ ನಾನು. ಯಾರ್ ಹತ್ರಾನೂ ಬಾಯ್ ಬಿಡಲ್ಲ, ಕಂಪ್ನಿ ಮೇಲೆ ಜಗಳಕ್ಕೂ ಹೋಗಲ್ಲ. ನಂಗೆ ಗೊತ್ತಾದ್ರೆ ಸಾಕು. ಇಲ್ಲ, ಅವ್ರ ಬೆನ್ನೇ ಕೆಟ್ಟಿದೆ ಅಂದ್ರೆ ಹಠ ಹಿಡ್ದು ಮಾಡಿಸ್ತೀನಿ."

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು. "ರೀ, ನನ್ ಕೈ ಹಿಟ್ಟಾಗಿದೆ. ಆ ಲೋಟ ಅತ್ಲಾಗೆ ಇಡ್ರೀ, ತಲೆ ಚಿಟ್ಟಿಡೀತು!"

ಎದ್ದು ಹೋದೆ. ಲೋಟವನ್ನು ತಟ್ಟೆ ಸಮೇತ ಕಟ್ಟೆಯ ಮೇಲೆ ಒಂದು ಗೇಣು ಆಚೆ ಸರಿಸಿದೆ. ಸದ್ದು ತಟ್ಟನೆ ನಿಂತಿತು. ನೀರು ನಿಶ್ಚಲವಾಯಿತು.

"ಸದ್ಯ, ಈಗ ನಿಂತ್ತು," ಎಂದರು ಆಕೆ, ಹಾಲ್‌ನಿಂದ.

ಗ್ರೈಂಡರ್ ನಿಂತಿರಲಿಲ್ಲ.

ಲೋಟ ಮೊದಲಿದ್ದ ಜಾಗದ ಮೇಲೆ ನನ್ನ ಕೈ ತಾನಾಗಿ ಹೋಯಿತು. ಕಲ್ಲು ಅಂಗೈಯಡಿ ಜುಮ್ಮೆನ್ನುತ್ತಿತ್ತು. ಗೇಣು ದೂರದಲ್ಲಿ ನೀರು ಕನ್ನಡಿ. ಚರ್ಮದ ಸೀಟು, ಫ್ರಿಜ್ಜು, ಜೋಕಾಲಿ, ಬಾಟಲಿ ಎಲ್ಲ ಒಟ್ಟಿಗೆ ತಲೆಗೆ ಬಂದವು. ನಾನು ಜೋಕಾಲಿಯನ್ನು ಕೂಡಿಸಿದ್ದು ಮೀಟರಿನ ಗುಂಡಿ ಇದ್ದ ಎಡಗಡೆಯ ಗೋಡೆಗೆ. ಗುಂಡಿ ಇದ್ದ ಕಡೆ, ಬಾಟಲಿ ಇದ್ದ ಕಡೆ, ನಾನು ಕೂತ ಕಡೆ ಗಪ್ಪನೆಯ ಜಾಗ ಬಂದು ಕೂತಿತ್ತು. ನಡುಕ ಎಲ್ಲಿಗೂ ಹೋಗಿರಲಿಲ್ಲ, ಗೇಣು ಆಚೆಯ ಬಲಗಡೆಯ ಸೀಟಿಗೆ ದಾಟಿತ್ತು. ಅಲ್ಲಿ ಕೂತು ಬಾಯಿ ಬಿಟ್ಟವರು ಒಬ್ಬರೇ. ಅವರು ಹೇಳುತ್ತಲೇ ಇದ್ದರು.

ಕಟ್ಟೆಯ ಮೇಲೆ ಕೈಯಿಟ್ಟು ನಿಂತ ಆ ಗಳಿಗೆಯಲ್ಲಿ ನನಗೆ ಎಲ್ಲ ಗೊತ್ತಾಯಿತು. ಹೊರಗೆ ಬಂದು ಹೇಳಬೇಕಾದದ್ದು ಮೂರು ಪದ. ಮಷೀನು ಅಲ್ಲಾಡುತ್ತೆ ಅಮ್ಮ. ಅಷ್ಟೇ. ಆದರೆ ಅದರ ಹಿಂದೆಯೇ ಸಾಹೇಬರ ಕೋಣೆಯ ನಗು ಬಂತು, ನಡುಗೋ ಕ್ಯಾಪ್ಟನ್ ಎಂಬ ಹೆಸರು ಬಂತು, ಕುಂಕುಮ ಇಟ್ಟ ನನ್ನ ಬಾಟಲಿ ಬಂತು. ನಾಳೆ ಆ ಬಾಟಲಿಯನ್ನು ನೋಡಿ ಇಡೀ ಹ್ಯಾಂಗರ್ ನಗುತ್ತದೆ ಎನಿಸಿತು.

ಹೊರಗೆ ಬಂದು ಕೂತೆ. ಟವೆಲಿನಲ್ಲಿ ಕೈ ಒರೆಸಿಕೊಂಡೆ.

"ಮಷೀನ್ ಸರಿಯಾಗಿದೆಯಮ್ಮ," ಎಂದೆ.

ಆಕೆ ಉಸಿರು ಬಿಟ್ಟರು. "ಸಾಕು ಅಣ್ಣ. ನಿಮ್ ಬಾಯಿಂದ ಬಂದ್ಮೇಲೆ ಮುಗೀತು," ಎಂದು ತಣ್ಣಗಾಗಿದ್ದ ಕಾಫಿ ಕುಡಿದು, ನನ್ನ ಹೆಂಡತಿಯಿಂದ ಅರಿಶಿನ ಕುಂಕುಮ ಇಡಿಸಿಕೊಂಡು ಹೋದರು.

ಆಪರೇಷನ್ ಆಯಿತು. ಕೆಟ್ಟದ್ದೇನೂ ಆಗಲಿಲ್ಲ, ಕ್ಯಾಪ್ಟನ್ ಎದ್ದು ಓಡಾಡಿದರು. ಆದರೆ ಬೆನ್ನಿನಲ್ಲಿ ಸ್ಕ್ರೂ ಕೂತ ಮೇಲೆ ಹಾರುವ ಬಾಗಿಲು ಮುಚ್ಚಿತು. ಮೊದಲಾದರೆ ಸುಧಾರಿಸಿಕೊಂಡು ಮತ್ತೆ ಪರೀಕ್ಷೆಗೆ ನಿಲ್ಲಬಹುದಿತ್ತು. ಈಗ ಪೂರ್ತಿ ಅನ್‌ಫಿಟ್. ಅವರು ಕಂಪನಿ ಬಿಟ್ಟು ಹೋದ ದಿನ ನಾನು ರಜೆ ಹಾಕಿದೆ.

ಮುಂದಿನ ದೊಡ್ಡ ತಪಾಸಣೆಗೆ ಹೆಲಿಕಾಪ್ಟರಿನ ಸೀಟುಗಳನ್ನೆಲ್ಲ ಬಿಚ್ಚಿದೆವು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬನಿದ್ದ, ಯಶವಂತಪುರದವನು, ಮನೆಯಲ್ಲಿ ಉರ್ದು ಮಾತಾಡುವವನು. ನನ್ನನ್ನು ಉಸ್ತಾದ್ ಎನ್ನುತ್ತಿದ್ದ. ಅವನು ಬಲಗಡೆಯ ಸೀಟಿನ ಕೆಳಗಿನ ಹಲಗೆ ತೆಗೆದು ಕರೆದ.

"ಉಸ್ತಾದ್, ಸ್ವಲ್ಪ ಇಲ್ ಬಾ."

ರಿವೆಟ್ಟುಗಳ ಸುತ್ತ ಕಪ್ಪು ಪುಡಿ. ಕಾಡಿಗೆ ತೀಡಿದ ಕಣ್ಣುಗಳಂತೆ ಸಾಲಾಗಿ. ಅಲ್ಯೂಮಿನಿಯಂ ತಗಡು ನಡುಕಕ್ಕೆ ರಿವೆಟ್ಟಿಗೆ ಉಜ್ಜಿ ಉಜ್ಜಿ ಸವೆದರೆ ಬರುವ ಮಸಿ ಅದು. ಪಕ್ಕದ ಆಧಾರದ ಪಟ್ಟಿಯಲ್ಲಿ ಕೂದಲೆಳೆಯ ಬಿರುಕು. ಎಡಗಡೆಯ ಸೀಟಿನಡಿ ಎಲ್ಲ ಬೆಳ್ಳಗಿತ್ತು.

ನನ್ನ ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ಒರೆಸಿಬಿಟ್ಟೆ.

"ಯಾಕ್ ಒರೆಸ್ದೆ?" ಎಂದ ಅವನು.

"ಕೊಳೆ."

"ಇದು ಕೊಳೇನಾ? ನಂಗ್ ಹೇಳ್ದಿದ್ರೂ ಪರ್ವಾಗಿಲ್ಲ. ನಿಂಗೇ ನೀನ್ ಹೇಳ್ಕೊಂಡ್ಯಾ?"

ಬಿರುಕು ಬಿಟ್ಟ ಪಟ್ಟಿ ಬದಲಾಯಿಸಿದೆವು, ಹೊಸ ರಿವೆಟ್ಟು ಹೊಡೆದೆವು. ಆಮೇಲೆ ನಾನು ಮೀಟರಿನ ಇನ್ನೊಂದು ಗುಂಡಿಯನ್ನು ಬಲಗಡೆಯ ಸೀಟಿನಡಿಗೆ ಸಿಕ್ಕಿಸಿದೆ. ಎರಡೂ ಕಡೆ ನೋಡುತ್ತ ಜೋಕಾಲಿಯನ್ನು ಹೊಸದಾಗಿ ಕೂಡಿಸಿದೆ. ಎಡಗಡೆ ಮೀಟರ್ ಮೊದಲಿಗಿಂತ ತುಸು ಹೆಚ್ಚು ತೋರಿಸಿತು, ಬಲಗಡೆ ತುಂಬ ಇಳಿಯಿತು. ಬಾಟಲಿಯ ನೀರಿನಲ್ಲಿ ಸಣ್ಣ ಬಳೆಗಳು ಎದ್ದವು. ಹೊಸದಾಗಿ ಸೇರಿದ್ದ ಎಳೆಯ ಪೈಲಟ್ ಹಾರಿಸಿ ಬಂದು, "ಸಾರ್, ಈಗ ಬೆಣ್ಣೆ!" ಎಂದ.

"ಮೊದ್ಲು ಅಲ್ಲಾಡ್ತಿತ್ತಾ?"

"ಮತ್ತೆ? ಹೇಳಿದ್ರೆ ನಂಗೂ ಬೆನ್ನು ಅಂದ್ಬಿಡ್ತಿದ್ರಲ್ಲ."

ಇದಕ್ಕೆಲ್ಲ ನಾನು ಬೇರೆ ಯಾರನ್ನೂ ಹೊಣೆ ಮಾಡುವುದಿಲ್ಲ. ಎರಡೂ ಕಡೆಯ ಅಂಕಿ ನೋಡಿದ ಮೇಲೆ ಕಂಪನಿಯವರು ನನಗೆ ಸಮಾಧಾನ ಹೇಳಿದರು. ಪುಸ್ತಕ ಹೇಳಿದ ಜಾಗದಲ್ಲೇ ಅಳೆದಿದ್ದೀಯ, ಅಂಕಿ ಮಿತಿಯೊಳಗಿತ್ತು, ನಿನ್ನ ತಪ್ಪೇನು ಎಂದರು. ಮಿತಿಯೊಳಗಿತ್ತು! ಈ ಮಾತನ್ನು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಆ ಸಮಾಧಾನ ನನಗೆ ಬೇಡ. ಪುಸ್ತಕ ಬರೆದವನು ಫ್ರಿಜ್ಜು ಇಡಿಸಿರಲಿಲ್ಲ, ಬಿಲ್ಲೆ ಹಾಕಿರಲಿಲ್ಲ, ಅಡುಗೆಕಟ್ಟೆಯ ಮೇಲೆ ಕೈಯಿಟ್ಟು ನಿಂತಿರಲಿಲ್ಲ. ಹಾಗೆಂದು ನನ್ನ ಕಸುಬನ್ನು ಹೀಗಳೆಯುವವರಿಗೂ ನಾನು ತಲೆಬಾಗುವವನಲ್ಲ. ಈಗಿನ ಹೊಸ ಹೆಲಿಕಾಪ್ಟರುಗಳಲ್ಲಿ ಮೈಯುದ್ದಕ್ಕೂ ಗುಂಡಿಗಳಿರುತ್ತವಂತೆ, ನಡುಕ ಬಂದ ಕಡೆಗೆ ಕಂಪ್ಯೂಟರೇ ಎದುರು ನಡುಕ ಕಳಿಸುತ್ತದಂತೆ. ಒಳ್ಳೆಯದು. ಆದರೆ ಕೂತವನ ಮಾತು ಕೇಳಿಸಿಕೊಳ್ಳುವ ಗುಂಡಿ ಅದರಲ್ಲೂ ಇರುವುದಿಲ್ಲ, ಬರೆದಿಟ್ಟುಕೊಳ್ಳಿ.

ನಿವೃತ್ತಿಯಾದ ಮೇಲೆ ಒಂದು ದಿನ ಯಶವಂತಪುರದ ಮಂಡಿಯಿಂದ ಈರುಳ್ಳಿ ಚೀಲ ಹೊತ್ತು ಮೆಟ್ರೋ ನಿಲ್ದಾಣಕ್ಕೆ ಹತ್ತಿದೆ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕ್ಯಾಪ್ಟನ್ ನೆಟ್ಟಗೆ ಕೂತಿದ್ದರು. ಸ್ಕ್ರೂ ಹಾಕಿಸಿಕೊಂಡವರು ಹಾಗೆಯೇ ಕೂರುತ್ತಾರೆ.

"ಓಹೋ, ಗುರುಗಳು! ಏನ್ ಸಮಾಚಾರ? ಬಾಟ್ಲಿ ಎಲ್ಲಿ?"

ಎಲ್ಲೋ ಪೈಲಟ್ ಆಗುವವರಿಗೆ ಪಾಠ ಹೇಳುತ್ತಿದ್ದಾರಂತೆ. ಚೀಲ ಕೆಳಗಿಟ್ಟು ಪಕ್ಕ ಕೂತೆ. ಅಲ್ಲೇ ಹೇಳಿದೆ. ಮಷೀನು ಅಲ್ಲಾಡುತ್ತಿತ್ತು ಸಾರ್, ನಿಮ್ಮ ಮಾತೇ ನಿಜ, ನಾನು ಕೈ ಚಾಚಲಿಲ್ಲ, ಕ್ಷಮಿಸಿ ಎಂದೆ. ಕಪ್ಪು ಮಸಿ ಒರೆಸಿದ್ದನ್ನೂ ಹೇಳಿದೆ.

ಅವರು ನಕ್ಕರು. "ನನ್ ಬೆನ್ನಿಗೆ ಅವತ್ತೇ ಗೊತ್ತಿತ್ತು. ನಿಮ್ಗೆ ಯಾವಾಗ್ ಗೊತ್ತಾಯ್ತು ಗುರುಗಳೇ?"

ಸುಳ್ಳು ಹೇಳಬಹುದಿತ್ತು, ಮಸಿ ಕಂಡಾಗ ಎನ್ನಬಹುದಿತ್ತು. ಅಷ್ಟು ದೂರ ಬಂದ ಮೇಲೆ ಆಗಲಿಲ್ಲ. "ಆಪರೇಷನ್‌ಗೆ ಮುಂಚೆ ಸಾರ್. ಅಮ್ಮಾವ್ರು ಮನೆಗೆ ಬಂದು ಕೇಳಿದಾಗ."

ನಗು ನಿಂತಿತು. "ಅವ್ಳು ನಿಮ್ ಮನೆಗೆ ಬಂದಿದ್ಳಾ?"

ಅವರಿಗೆ ಗೊತ್ತೇ ಇರಲಿಲ್ಲ. ರೈಲು ಬಂತು, ಹೋಯಿತು, ಇಬ್ಬರೂ ಹತ್ತಲಿಲ್ಲ.

"ಅದಕ್ಕೇ," ಎಂದರು ಕೊನೆಗೆ. "ಅದಕ್ಕೇ ಊಟ ಬಿಟ್ಟು ಕೂತ್ಳು, ಮಾಡಿಸ್ಕೊಳ್ಳೋವರ್ಗೂ ತಿನ್ನಲ್ಲ ಅಂತ. ನಂಗಾಗಿದ್ದು ಆಯ್ತು, ನಿಮ್ಮನ್ನ ಕ್ಷಮಿಸ್ದೆ, ತಗೊಳ್ಳಿ. ಒಂದ್ ಮಾತ್ ನಡೆಸ್ಕೊಡಿ. ಅವ್ಳಿಗೆ ಹೇಳ್ಬೇಡಿ. ಬೆನ್ನೇ ಕೆಟ್ಟಿತ್ತು, ನೀನ್ ಹಠ ಮಾಡಿದ್ದು ಒಳ್ಳೇದಾಯ್ತು ಅಂತ ನಾನೇ ಹೇಳ್ಬಿಟ್ಟಿದೀನಿ. ನೆಮ್ಮದಿಯಾಗಿದಾಳೆ."

ಮಾತು ಕೊಟ್ಟೆ. ಆ ಮಾತನ್ನು ಇಟ್ಟುಕೊಂಡೂ ಇದ್ದೆ, ಮುಂದೊಂದು ದಿನ ಹೆಬ್ಬಾಳದಲ್ಲಿ ಬಸ್ಸು ಹತ್ತುವ ತನಕ. ಅದು ಹಳೆಯ ಬಿಎಂಟಿಸಿ ಬಸ್ಸು, ನಿಂತಲ್ಲೇ ಕಿಟಕಿಗಳೆಲ್ಲ ಲಟಲಟ ಎನ್ನುತ್ತಿದ್ದವು. ಹೆಂಗಸರ ಸೀಟಿನಿಂದ ಯಾರೋ, "ಅಣ್ಣಾ!" ಎಂದರು. ಅವರೇ. ಕೂದಲು ನರೆತಿತ್ತು, ತೊಡೆಯ ಮೇಲೆ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು. ನನ್ನ ಮಂಡಿ, ನನ್ನ ಹೆಂಡತಿ, ಎಲ್ಲ ವಿಚಾರಿಸಿದರು.

"ಅವತ್ತು ನೀವು ನಿಜ ಹೇಳಿದ್ದು ಉಪಕಾರ ಆಯ್ತಣ್ಣ," ಎಂದರು. ಕಿಟಕಿಯ ಕಡೆ ನೋಡುತ್ತ, "ಆದ್ರೂ ಒಂದೊಂದ್ಸಲ ಅನ್ಸುತ್ತೆ. ಆಕಾಶದಲ್ಲಿ ಸದ್ದಾದ್ರೆ ಇವ್ರು ಈಗ್ಲೂ ತಾರಸಿಗೆ ಓಡ್ತಾರೆ. ನಾನೇ ಅವಸರ ಮಾಡಿ ಕೆಡಿಸಿದ್ನಾ ಅಂತ. ಅವಸರ ಮಾಡಿದ್ನಾ ಅಣ್ಣ?"

ಎರಡನೆಯ ಸಲವೂ ನೇರವಾಗಿ ಕೇಳಿದರು. ಕಂಬಿ ಹಿಡಿದು ನಿಂತಿದ್ದೆ, ಕಂಬಿ ಅದುರುತ್ತಿತ್ತು. "ಇಲ್ಲಮ್ಮ, ಹಂಗೆಲ್ಲ ಅಂದ್ಕೋಬೇಡಿ," ಎಂದು ನನ್ನ ಸ್ಟಾಪು ಬರುವ ಮುಂಚೆಯೇ ಇಳಿದುಬಿಟ್ಟೆ.

ಕ್ಯಾಪ್ಟನ್ ಸಾರ್, ನೀವು ಅಂದುಕೊಂಡ ನೆಮ್ಮದಿ ಆ ಮನೆಯಲ್ಲಿಲ್ಲ. ನೀವು ಮೀಟರ್ ಇಟ್ಟ ಕಡೆ ಮಾತ್ರ ಗಪ್ಪನೆ ಇದೆ. ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವನು ನಾನು. ಅದಕ್ಕೇ ಮಾತು ಮುರಿಯುತ್ತಿದ್ದೇನೆ.

ನಿಮ್ಮ ಎದೆ ಹಗುರಾಗ್ಲಿ ಅಂತ ಅವ್ರ ಎದೆ ಮೇಲೆ ಕಲ್ಲು ಹಾಕ್ತೀರಾ ಎಂದು ನನ್ನ ಹೆಂಡತಿ ಕೇಳಿದಳು. ಆ ಕಲ್ಲು ಹಾಕಿದವನೇ ನಾನು, ಅದರ ಮೇಲೆ ಯಾರ ಹೆಸರಿದೆ ಎಂದಾದರೂ ತಿಳಿಯಲಿ ಎಂದೆ. ಈ ಬರಹವನ್ನು ನಾನೇ ಯಲಹಂಕಕ್ಕೆ ಒಯ್ದು ಅವರ ಕೈಗೆ ಕೊಡುತ್ತೇನೆ. ಕ್ಷಮಿಸದಿದ್ದರೂ ಸರಿ. ಓದಿ ಬಾಗಿಲು ಹಾಕಿಕೊಂಡರೂ ಸರಿ.

ಅಮ್ಮ, ನೀವು ಅವಸರ ಮಾಡಲಿಲ್ಲ. ಮಾಡಬೇಕಾದ ಪ್ರಶ್ನೆಯನ್ನು, ಮಾಡಬೇಕಾದ ಹೊತ್ತಿಗೆ, ಉತ್ತರ ಗೊತ್ತಿದ್ದ ಒಬ್ಬನೇ ಮನುಷ್ಯನ ಮುಂದೆ ಇಟ್ಟಿರಿ. ಮಷೀನು ಅಲ್ಲಾಡುತ್ತಿತ್ತು. ನಿಮ್ಮ ಯಜಮಾನರು ಹೇಳಿದ್ದೆಲ್ಲ ನಿಜ. ನಮ್ಮ ಮನೆಯ ಗ್ರೈಂಡರ್ ಆಗ ನಿಂತಿರಲಿಲ್ಲ.

ಬಲಗಡೆಯ ಸೀಟಿನಲ್ಲಿ ಕೂತಿದ್ದವರ ಹತ್ತಿರ ನಾನು ಕ್ಷಮೆ ಕೇಳಿದ್ದಾಯಿತು. ಕೇಳದೆ ಉಳಿದಿರುವುದು ಒಬ್ಬರ ಹತ್ತಿರ. ಅವರು ಕ್ಯಾಪ್ಟನ್ ಅವರ ಹೆಂಡತಿ, ಯಲಹಂಕದ ಗಣಿತದ ಟೀಚರ್, ನನ್ನನ್ನು ಅಣ್ಣ ಎಂದವರು.